ಮುಖಪುಟದಲ್ಲಿ ಕ್ಷಮೆ ಕೇಳಿದವರು

ನಮ್ಮ ಸಂಪಾದಕರ ಎಡ ಹೆಗಲು ಬಲಗಡೆಯದಕ್ಕಿಂತ ಎರಡು ಬೆರಳು ಕೆಳಗಿತ್ತು. ಬೈಲಹೊಂಗಲದಲ್ಲಿ ಅಚ್ಚಾಗುತ್ತಿದ್ದ ತಮ್ಮ ಸಿನಿಮಾ ಪತ್ರಿಕೆಯ ಕಟ್ಟುಗಳನ್ನು ಹೊತ್ತು ಕಿತ್ತೂರು, ಸವದತ್ತಿ, ರಾಮದುರ್ಗದ ಬಸ್ಸು ಹತ್ತಿ ಇಳಿದು ಹಾಗಾಗಿತ್ತು. ಮಾಲೀಕರೂ ಅವರೇ, ಹಮಾಲರೂ ಅವರೇ.

ನಾನಾಗ ಬಿ.ಎ. ಮುಗಿಸಿ ನಮ್ಮೂರಾದ ಹೂಲಿಯ ಮನೆಯಲ್ಲಿದ್ದೆ. ಅವರ ಒಂದೇ ಸಂಚಿಕೆಯಲ್ಲಿ ಹದಿನೇಳು ಕಾಗುಣಿತದ ತಪ್ಪು ಕಂಡು, ಸಿಟ್ಟಿನಿಂದ ಪತ್ರ ಬರೆದೆ. ವಾರದೊಳಗೆ ಆ ಪತ್ರ ಹಿಡಿದು ಬಾಗಿಲಿಗೇ ಬಂದರು. ಅಪ್ಪ ಗಾಬರಿಯಾದ.

"ಹುಡುಗಿ ಏನರ ತಪ್ಪು ಬರದಾಳೇನ್ರಿ?"

"ತಪ್ಪು ನಮ್ಮದ ರೀ, ಯಜಮಾನ್ರ. ಮಾಡಾಕ ಬಾಳ ಮಂದಿ ಅದೇವಿ, ತಿದ್ದಾವ್ರು ಇಲ್ಲ. ಮಗಳನ್ನ ಕಳಸ್ರಿ."

ಬೈಲಹೊಂಗಲದ ಸೋದರತ್ತೆಯ ಮನೆಯಲ್ಲಿದ್ದು ಕೆಲಸಕ್ಕೆ ಸೇರಿದೆ. ಸಂಪಾದಕರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಕರೆಯುತ್ತಿದ್ದದ್ದು 'ಅಕ್ಕೋರ' ಎಂದು, ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ. ತಿದ್ದುವವರೆಲ್ಲ ಅವರಿಗೆ ಮೇಷ್ಟರೇ.

ಒಮ್ಮೆ ಒಬ್ಬ ನಟಿ ಗಂಡನನ್ನು ಬಿಟ್ಟಳೆಂದು ಮುಖಪುಟದಲ್ಲಿ ಹಾಕಿದೆವು. ಸುಳ್ಳು ಸುದ್ದಿ. ಆಕೆಯ ತಾಯಿ ಫೋನಿನಲ್ಲಿ ಅತ್ತರು. ಮುಂದಿನ ಸಂಚಿಕೆಯ ಮುಖಪುಟದಲ್ಲಿ ಚಿತ್ರವೇ ಇಲ್ಲ, ಬರೀ ಕ್ಷಮಾಪಣೆ. ಏಜೆಂಟರು ರೇಗಿದರು. "ತಪ್ಪು ಮುಖಪುಟದಾಗ ಮಾಡೇವಿ. ಕ್ಷಮಾ ಒಳಪುಟದಾಗ ಕೇಳಬೇಕೇನು?" ಎಂದರು ಇವರು.

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಪತ್ರಿಕೆಯ ದಾರಿ ಕಾಯುವವರು ಉಳಿಯಲಿಲ್ಲ. ಬಾಗಿಲು ಹಾಕಿದೆವು. ತಿಂಗಳಾದ ಮೇಲೆ ಸಿಕ್ಕ ಸಂಪಾದಕರು ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತೇನೆಂದಾಗ ನನಗೆ ನಗು ಬಂತು. ಅವರು ನಗಲಿಲ್ಲ.

"ಇಪ್ಪತ್ತು ವರ್ಷ ಬಸ್ಸಿನಾಗ ಅಡ್ಡಾಡೇನಿ, ಅಕ್ಕೋರ. ಸಂಜಿ ಬಸ್ ಇಲ್ಲಂತ ಎಷ್ಟ ಹುಡುಗ್ಯಾರು ಕಾಲೇಜ ಬಿಟ್ರು, ಕಣ್ಣಾರೆ ಕಂಡೇನಿ. ಅದನ್ನ ಒಂದ ಸಾಲು ಬರೀಲಿಲ್ಲ. ನಾಯಕಿ ಸೀರಿ ಬಣ್ಣ ಬರಕೋತ ಕುಂತೆ."

ಎದುರಿಗೆ ನಿಂತವರು ಒಬ್ಬ ಹೆಣ್ಣುಮಗಳು. ಪ್ರಚಾರದ ಕೊನೆಯ ವಾರ ನಮ್ಮ ಕಡೆಯವನೊಬ್ಬ ಆಕೆಯ ಸಂಸಾರದ ಬಗ್ಗೆ ಹೊಲಸು ಸುದ್ದಿಯನ್ನು ಮೊಬೈಲಿನಲ್ಲಿ ತಂದ. ಊರೆಲ್ಲ ಹಂಚಿದರೆ ಗೆದ್ದಂತೆಯೇ ಎಂದ. ಸಂಪಾದಕರು ಅದನ್ನು ಅಳಿಸಿ ಮೊಬೈಲು ವಾಪಸು ಕೊಟ್ಟರು.

"ಸೋಲ್ತೀರಿ ಮತ್ತ," ಎಂದ ಅವನು.

"ಸೋಲ್ತೇನಿ."

ಸೋತರು. ಫಲಿತಾಂಶದ ಮರುದಿನ ಬೆಳಿಗ್ಗೆಯೇ ಬಿಳಿ ಹಾಳೆ ಹಿಡಿದು ಅತ್ತೆಯ ಮನೆಗೆ ಬಂದರು. "ಬಸ್ಸಿನ ಅರ್ಜಿ ಬರಿಯೋದೈತಿ. ಕೂಡ್ರಿ."

"ಸೋತ್ರಲ್ರಿ ಸರ್?"

"ಸೋತಾಂವ ನಾನು. ಬಸ್ ಬೇಕಾದದ್ದು ಆ ಹುಡುಗ್ಯಾರಿಗೆ."

ನಾನು ಬರೆಯುವುದು, ಅವರು ಸಹಿ ಹಾಕಿ ಸಾರಿಗೆ ಕಚೇರಿಗೆ ಒಯ್ಯುವುದು. ಎಷ್ಟು ಅರ್ಜಿಗಳಾದವೋ ಲೆಕ್ಕವಿಡಲಿಲ್ಲ. ಎರಡನೆಯ ವರ್ಷ ಸಂಜೆ ಐದೂವರೆಗೆ ಒಂದು ಬಸ್ಸು ಹೊರಟಿತು. ಮುಂದಿನ ಚುನಾವಣೆಯಲ್ಲಿ ಜನ ಅವರನ್ನು ಗೆಲ್ಲಿಸಿದರು. ಗೆದ್ದ ಮೇಲೂ ಅವರು ಕಾರು ಕೊಳ್ಳಲಿಲ್ಲ. ಬಸ್ಸಿನಲ್ಲಿ ಕೂತರೆ ಜನ ತಾವಾಗಿಯೇ ಹೇಳುತ್ತಾರೆ, ಕಾರಿನಲ್ಲಿ ಕೂತರೆ ಕೇಳಿದ್ದಕ್ಕಷ್ಟೇ ಹೇಳುತ್ತಾರೆ ಎನ್ನುತ್ತಿದ್ದರು.

ಕಳೆದ ವರ್ಷ ಎದೆನೋವು ಬಂದು ಎರಡೇ ದಿನದಲ್ಲಿ ತೀರಿಕೊಂಡರು. ಮಣ್ಣು ಮುಗಿದ ಮೂರನೆಯ ದಿನ ರಾಮದುರ್ಗದ ಕಡೆಯ ಹಳ್ಳಿಯ ನಾಲ್ವರು ತಾಯಂದಿರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಊರಿಗೂ ಸಂಜೆಯ ಬಸ್ಸು ಬೇಕಿತ್ತು.

"ಸಾಹೇಬ್ರು ಹ್ವಾದ್ರು. ಇನ್ನ ಯಾರ ಮುಂದ ಹೇಳೂಣ್ರಿ?"

"ಕೂಡ್ರಿ," ಎಂದೆ. ಅರ್ಜಿ ಬರೆದು ಅವರಿಗೆ ಓದಿ ಹೇಳಿದೆ. ಸಂಪಾದಕರು ಸಹಿ ಹಾಕುತ್ತಿದ್ದ ಜಾಗದಲ್ಲಿ ನನ್ನ ಹೆಸರು ಬರೆದು, ಅರ್ಜಿಯನ್ನು ಕಚೇರಿಗೆ ಒಯ್ಯಲು ಆ ನಾಲ್ವರೊಡನೆ ಬಸ್ ನಿಲ್ದಾಣದ ಕಡೆ ನಡೆದೆ.