ಮೇಷ್ಟ್ರ ಬಿದಿರು ಸೈಕಲ್

ನಿನ್ನೆ ಕುದೂರು ಸಂತೆಯಲ್ಲಿ ಗಾಡಿಯಿಂದ ಹಸಿ ಬಿದಿರು ಇಳಿಸುತ್ತಿದ್ದರು. ಆ ವಾಸನೆ ಮೂಗಿಗೆ ತಗುಲಿದ್ದೇ ತಡ, ನನಗೆ ನಾಚಿಕೆಯಾಯಿತು. ನೀವು ನಗಬಹುದು, ಆದರೆ ನಾಚಿಕೆಗೂ ಒಂದು ವಾಸನೆಯಿದೆ.

ನಾನು ಮಹಾರಾಜರ ಸರ್ಕಾರದ ಶಾಲೆಗೆ ಹೊಸದಾಗಿ ಮೇಷ್ಟ್ರಾಗಿ ಬಂದ ಕಾಲ. ಸೈಕಲ್ಲೆಂದರೆ ನಾವು ಕಂಡಿದ್ದು ಅಮಲ್ದಾರರದ್ದೊಂದೇ. ಟಪಾಲಿನ ಕೆಂಪಯ್ಯ ದಿನವೂ ಚೀಲ ಹೊತ್ತು ಮಾಗಡಿಗೆ ನಡೆಯುತ್ತಿದ್ದ. ಅವನ ಮಂಡಿ ಊದಿಕೊಂಡಿದ್ದರಿಂದ, ಇನ್ನು ಮೂರು ತಿಂಗಳಲ್ಲಿ ಬೇರೆಯವರನ್ನು ಹಾಕುತ್ತೇವೆಂದು ಮೇಲಿನವರು ಹೇಳಿದ್ದರು. ನನಗೋ ಕರುಣೆ ಉಕ್ಕಿತು. ಅದಕ್ಕಿಂತ ಹೆಚ್ಚಾಗಿ ಜಂಬ ಉಕ್ಕಿತು. ಸೈಕಲ್ಲಿನ ಚೌಕಟ್ಟೆಂದರೆ ಎರಡು ತ್ರಿಕೋನ ತಾನೆ? ರೇಖಾಗಣಿತ ಕಲಿಸುವವನಿಗೆ ತ್ರಿಕೋನ ಕಂಡರೆ ಎಲ್ಲಿಲ್ಲದ ಧೈರ್ಯ. ಬೆಂಗಳೂರಿನ ಗುಜರಿಯಿಂದ ಹಳೆ ಚಕ್ರ, ಚೈನು ತಂದು, ಬಿದಿರು ಕಡಿದು, ಹಗ್ಗ ಬಿಗಿದು ಕಟ್ಟಿಯೇಬಿಟ್ಟೆ.

"ಮುರಿಯಾಕಿಲ್ವಾ ಮೇಷ್ಟ್ರೇ?" ಎಂದ ಕೆಂಪಯ್ಯ.

"ತ್ರಿಕೋನ ಎಂದಾದರೂ ಮುರಿಯುತ್ತದೇನಯ್ಯ?"

ಕೆರೆ ಅಂಗಳದಲ್ಲಿ ಒಂದು ವಾರ ಬಿದ್ದು ಎದ್ದು ಅವನು ಹತ್ತಲು ಕಲಿತ. ಮಾಗಡಿಗೆ ಹೊರಟ ಮೊದಲ ದಿನವೇ ತಿಪ್ಪಸಂದ್ರದ ಇಳಿಜಾರಿನಲ್ಲಿ ಬಿದಿರು ಸೀಳಿತು. ಟಪಾಲು ಚೀಲ ಹಳ್ಳದಲ್ಲಿ, ಕೆಂಪಯ್ಯ ಕಳ್ಳಿ ಬೇಲಿಯಲ್ಲಿ. ನಾನು ಎರಡು ದಿನ ಜ್ವರವೆಂದು ಹೇಳಿ ಮನೆಯಲ್ಲೇ ಉಳಿದೆ.

ಮೂರನೆಯ ದಿನ ಬುಟ್ಟಿ ಹೆಣೆಯುವ ಸಿದ್ದಮ್ಮ ಮುರಿದ ಚೌಕಟ್ಟು ಹೊತ್ತು ಬಾಗಿಲಿಗೆ ಬಂದಳು. ಹಿಂದೆ ಕುಂಟುತ್ತಾ ಕೆಂಪಯ್ಯ.

"ಬೆಳುದಿಂಗಳಾಗೆ ಕಡ್ದ ಹಸಿ ಬಿದ್ರು ಕಣ್ ಸ್ವಾಮಿ ಇದು. ರಸ ಆರಿಲ್ಲ, ಸೀಳ್ತದೆ. ಇದ್ರಾಗೆ ನಾವು ಕೋಳಿ ಪಂಜರಾನೂ ಮಾಡಾಕಿಲ್ಲ."

"ಈಗೇನು ಮಾಡೋದು?"

"ಏನ್ಮಾಡದು? ಬಂದು ಕುಂತ್ಕೊಂಡು ಕಲೀರಿ. ಇವ್ನಿಗೂ ಕಲಿಸ್ತೀನಿ. ಏರೋನಿಗೆ ಕಟ್ಟೋದೂ ಗೊತ್ತಿರ್ಬೇಕು."

ಕಲಿತೆವು. ಬಲಿತ ಬಿದಿರನ್ನು ಒಲೆಯ ಹೊಗೆಗೆ ಕಟ್ಟಿ ಒಣಗಿಸುವುದು, ಕತ್ತಾಳೆ ನಾರು ಸುತ್ತಿ ಚನ್ನಪಟ್ಟಣದ ಅರಗು ಕಾಯಿಸಿ ಕೀಲುಗಳಿಗೆ ಬಳಿಯುವುದು. ಕೆಂಪಯ್ಯನ ಕೈ ಬೇಗ ಕುದುರಿತು, ನನ್ನದು ಸುಟ್ಟಿತು. ಮೇಲಿನವರ ಗಡುವು ಮುಗಿಯುವುದರೊಳಗೆ ಅವನು ತಾನೇ ಕಟ್ಟಿದ ಸೈಕಲ್ಲಿನಲ್ಲಿ ಮಾಗಡಿ ಮುಟ್ಟಿದ. ಕೆಲಸ ಉಳಿಯಿತು.

ಆಮೇಲೆ ದೊಡ್ಡಮಳೂರಿನಿಂದಲೂ ಜನ ಕಲಿಯಲು ಬಂದರು. "ಸೈಕಲ್ ಮೇಷ್ಟ್ರು ಎಲ್ಲಿ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಅಲ್ಲವೆನ್ನಲಿಲ್ಲ. ಜಗಲಿಯಲ್ಲಿ ಕೂತು ತ್ರಿಕೋನದ ಮಹಿಮೆ ಹೇಳುತ್ತಿದ್ದೆ. ಕಟ್ಟುವುದನ್ನು ಕಲಿಸಿದ್ದೆಲ್ಲ ಸಿದ್ದಮ್ಮ.

ನಿನ್ನೆ ಬಿದಿರು ಇಳಿಸುತ್ತಿದ್ದವನೊಬ್ಬ ಗುರುತು ಹಿಡಿದ. "ಬಿದ್ರು ಸೈಕಲ್ ಕಂಡಿಡಿದೋರು ನೀವೇ ಅಲ್ವರಾ?"

"ಅಲ್ಲಪ್ಪ, ನಾನು ಮುರಿದವನು" ಎಂದೆ. ಇಷ್ಟು ಹೇಳಲು ಇಪ್ಪತ್ತು ವರ್ಷ ಹಿಡಿಯಿತು. ಅಲ್ಲಿಂದ ನೇರವಾಗಿ ಮೇದರ ಕೇರಿಗೆ ನಡೆದೆ. ಸಿದ್ದಮ್ಮನ ಕಣ್ಣು ಮಂಜಾಗಿದೆ.

"ಯಾರದು?"

"ನಿನ್ನ ಹಳೆ ಶಿಷ್ಯ ಕಣಮ್ಮ."

"ಯಾರು, ಕೆಂಪಯ್ಯನಾ? ಇಲ್ಲಾ, ಆ ದಡ್ಡನಾ?"

"ದಡ್ಡ" ಎಂದೆ. ಪಕ್ಕಕ್ಕೆ ಸರಿದು, ಕೂರಲು ಜಾಗ ಕೊಟ್ಟಳು.