ಕಡಲಿಗೆ ಉಡಿ ತುಂಬಿದ್ದು

ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಮೊದಲು ಕಟ್ಟುವುದು ರೊಟ್ಟಿಯ ಗಂಟು. ಬಟ್ಟೆಬರೆ ಆಮೇಲೆ. ಮಕ್ಕಳ ಸಾಲಿ ರಜೆಯಲ್ಲಿ ಮೂರು ದಿನ ಸಮುದ್ರ ನೋಡಿ ಬರುವುದೆಂದು ತೀರ್ಮಾನವಾದ ದಿನದಿಂದಲೇ ನನ್ನ ಅತ್ತೆ ಬೈಲಹೊಂಗಲದ ಮನೆಯಲ್ಲಿ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿದು, ಕಡಕ್ ಆಗುವಂತೆ ಒಣಗಿಸಿ, ಬಿಳಿ ಅರಿವೆಯಲ್ಲಿ ಸುತ್ತಿ ಇಡತೊಡಗಿದರು. ಹೋಗುವವರು ಐದೇ ಜನ: ಅತ್ತೆ, ನಾನು, ನನ್ನ ಗಂಡ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ಗಂಟು ನೋಡಿದರೆ ಮದುವೆ ದಿಬ್ಬಣ ಹೊರಟಂತಿತ್ತು.

"ಅಲ್ಲೂ ಹೋಟೆಲ್ ಇರತಾವ್ರಿ ಅತ್ತಿ," ಎಂದೆ.

"ಇರಲಿ. ಅಲ್ಲಿದು ಅಲ್ಲಿಯವರು ಉಣ್ಣಲಿ," ಎಂದರು.

ರೊಟ್ಟಿಯ ಗಂಟಿನ ಜೊತೆ ಇನ್ನೊಂದು ಸಣ್ಣ ಗಂಟಿತ್ತು. ಅದನ್ನು ಅವರು ಡಿಕ್ಕಿಯಲ್ಲಿ ಇಡಲು ಬಿಡಲಿಲ್ಲ, ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಅದರಲ್ಲಿದ್ದದ್ದು ಸಮುದ್ರಕ್ಕೆ ಉಡಿ ತುಂಬುವ ಸಾಮಾನು: ಅಕ್ಕಿ, ತೆಂಗಿನಕಾಯಿ, ಹಸಿರು ಕುಪ್ಪಸದ ಅರಿವೆ, ಅರಿಷಿಣದ ಕೊಂಬು, ಉತ್ತತ್ತಿ, ಎಲೆ ಅಡಿಕೆ. ಅತ್ತೆಯ ತವರು ಸವದತ್ತಿ ಕಡೆ, ನವಿಲುತೀರ್ಥದ ಹಿನ್ನೀರಿನ ದಂಡೆಯ ಒಂದು ಹಳ್ಳಿ. ಅಲ್ಲಿ ಪ್ರತಿ ವರ್ಷ ಹೊಸ ನೀರು ಬಂದಾಗ ಹೆಂಗಸರು ಹೊಳೆಗೆ ಹೋಗಿ, ಮನೆಮಗಳ ಮಡಿಲಿಗೆ ಹಾಕುವಂತೆಯೇ, ಇವನ್ನೆಲ್ಲ ನೀರಿಗೆ ಬಿಡುತ್ತಾರೆ. ಹೊಸ ನೀರು ಕಂಡರೆ ಬರಿಗೈಲಿ ಹೋಗಬಾರದು ಎಂಬುದು ಅವರ ಲೆಕ್ಕ. ಸಮುದ್ರಕ್ಕಿಂತ ಹೊಸ ನೀರು ಅವರ ಪಾಲಿಗೆ ಯಾವುದಿತ್ತು? ಅರವತ್ತೆಂಟು ವರ್ಷಕ್ಕೆ ಮೊದಲ ಸಲ ನೋಡಲು ಹೊರಟಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಐದು ವರ್ಷದ ಹಿಂದೆ ಮಾವ ತೀರಿಕೊಂಡರು. ಅಂದಿನಿಂದ ಅತ್ತೆಗೆ ಯಾರೂ ಉಡಿ ತುಂಬಿಲ್ಲ. ಅದು ಮುತ್ತೈದೆಯರಿಗೆ ಮಾತ್ರ ಎಂಬ ರೂಢಿ. ಅಷ್ಟೇ ಅಲ್ಲ, ಅವರು ತಮ್ಮ ಕೈಯಿಂದ ಯಾರಿಗೂ ತುಂಬುವುದನ್ನೂ ಬಿಟ್ಟರು. ಹೊಳೆಗೆ ಹೋದರೆ ಗಂಟನ್ನು ನನ್ನ ಕೈಗಿತ್ತು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಹಾಗೆ ನಿಲ್ಲಿ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ತಾವೇ ಸರಿದು ನಿಂತರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎರಡು ಸಲ ಇದಕ್ಕಾಗಿ ಜಗಳ ತೆಗೆದಿದ್ದೆ. ಎರಡೂ ಸಲ "ಇರಲಿ ಬಿಡವ್ವಾ" ಎಂಬ ಒಂದೇ ಮಾತಿನಲ್ಲಿ ನನ್ನ ಬಾಯಿ ಕಟ್ಟಿದ್ದರು.

ಬೆಳಗಾಗುತ್ತಲೇ ಹೊರಟೆವು. ಗಂಡನಿಗೆ ಪೈಪು, ಮೋಟಾರಿನ ಅಂಗಡಿಯಿದೆ. ಕಾರು ಹೊಸದು. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಅವರು ಇನ್ನೂ ತೆಗೆದಿರಲಿಲ್ಲ. ಕಾರಿನೊಳಗೆ ಚುರುಮುರಿ ತಿನ್ನಬಾರದು, ಕಾಲು ಝಾಡಿಸದೆ ಹತ್ತಬಾರದು, ಗಾಜಿಗೆ ಮೂಗು ಒತ್ತಬಾರದು. ಕಿತ್ತೂರಿನಲ್ಲಿ ಚಹಾ ಕುಡಿದು ಹೊರಡುವಾಗ ಐದೂ ಜನರ ಚಪ್ಪಲಿ ಝಾಡಿಸಿಯೇ ಒಳಗೆ ಬಿಟ್ಟರು. ಮುಂದೆ ಯಲ್ಲಾಪುರ ದಾಟಿ ಘಟ್ಟದ ತಿರುವುಗಳು ಶುರುವಾದಾಗ ಮಗ ಕಿತ್ತೂರಿನ ಬಿಸ್ಕೀಟನ್ನೆಲ್ಲ ಸೀಟಿಗೆ ಒಪ್ಪಿಸಿದ. ನಾನು ಒರೆಸುತ್ತಿದ್ದರೆ ಗಂಡ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಪ್ಲಾಸ್ಟಿಕ್ ಯಾಕ ತಗದಿಲ್ಲಂತ ಈಗ ಗೊತ್ತಾತಿಲ್ಲೋ?" ಎಂದರು. ಆ ಗೆಲುವು ಅಂಕೋಲೆಯವರೆಗೂ ಅವರ ಮುಖದ ಮೇಲಿತ್ತು.

ಅಂಕೋಲೆಯಿಂದ ಇನ್ನಷ್ಟು ದೂರ ಹೋದರೆ ಒಂದು ಸಣ್ಣ ಕಡಲತೀರ. ನಾವು ಇಳಿದುಕೊಳ್ಳುವ ಮನೆ ಅಲ್ಲಿಂದ ತುಸು ಹಿಂದಕ್ಕಿತ್ತು. ಆದರೆ ಸಾಮಾನು ಇಳಿಸುವ ತಾಳ್ಮೆ ಯಾರಿಗಿತ್ತು? ನೇರ ನೀರಿನ ಹತ್ತಿರವೇ ಹೋದೆವು. ಗಾಳಿಮರಗಳ ಸಾಲು ಮುಗಿದದ್ದೇ ತಡ, ಕಣ್ಣು ಹಾಯುವಷ್ಟೂ ನೀರು. ಮಗ ಕಾರಿಳಿದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಪಪ್ಪಾ, ಆ ಕಡಿ ದಂಡಿ ಎಲ್ಲೈತಿ?"

"ಇಲ್ಲಲೇ. ಸಮುದ್ರಕ್ಕ ಆ ಕಡಿ ದಂಡಿ ಕಾಣೂದಿಲ್ಲ."

"ಯಾರು ಒಯ್ದ್ರು?"

ನವಿಲುತೀರ್ಥದಲ್ಲಿ ಆಚೆ ದಂಡೆಯ ಎಮ್ಮೆಗಳನ್ನೂ ಎಣಿಸಬಲ್ಲವನಿಗೆ ಇದು ದೊಡ್ಡ ಮೋಸವಾಗಿ ಕಂಡಿರಬೇಕು. ಅತ್ತೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಕೈಮುಗಿದು ಬಹಳ ಹೊತ್ತು ನಿಂತರು. ಆಮೇಲೆ ಸಣ್ಣ ಗಂಟನ್ನು ನನ್ನ ಕಡೆ ಚಾಚಿದರು.

ಅದೇ ಹೊತ್ತಿಗೆ ಮಗ ಕಾಣೆಯಾದ ದಂಡೆಯನ್ನು ಹುಡುಕಲೆಂದೇನೋ ನೀರಿಗೆ ಓಡಿದ. ನಾನು ಹಿಂದೆ ಓಡಿ ಅವನ ಅಂಗಿ ಹಿಡಿದೆ. ಅವನು ಮೀನಿನಂತೆ ಜಾರುತ್ತಿದ್ದ. ಅತ್ತೆ ಗಂಟು ಹಿಡಿದು ಹಿಂದೆಯೇ ಬಂದಿದ್ದರು. ನಾನು ತಿರುಗಿಯೂ ನೋಡದೆ, "ನೀವ ಬಿಡ್ರಿ ಅತ್ತಿ, ನನ್ನ ಕೈಯಾಗ ಇವ ಅದಾನ," ಎಂದೆ.

ಅವರು ಹಿಂಜರಿದರು. ನಾನು ಮತ್ತೊಮ್ಮೆ, "ಬಿಡ್ರಿ, ಏನಾಗೂದಿಲ್ಲ," ಎಂದೆ. ಆಗ ಅವರು ಬಗ್ಗಿ, ಅಕ್ಕಿಯನ್ನು ಬೊಗಸೆಯಿಂದ ನೀರಿಗೆ ಸುರಿದು, ಹಸಿರು ಅರಿವೆಯ ಮೇಲೆ ಕಾಯಿಯಿಟ್ಟು ಮೆಲ್ಲಗೆ ಕೈಬಿಟ್ಟರು. ಐದು ವರ್ಷದ ಮೇಲೆ ತಮ್ಮ ಕೈಯಿಂದ ಬಿಟ್ಟಿದ್ದರು. ಎದ್ದು ನಿಂತಾಗ ಅವರ ಮುಖ ನೋಡಿದೆ. ಅಷ್ಟು ಹಗುರಾದ ಮುಖವನ್ನು ಮಾವ ಹೋದಮೇಲೆ ನಾನು ನೋಡಿರಲೇ ಇಲ್ಲ.

ಮರುಗಳಿಗೆಗೆ ಬಂದ ತೆರೆ ಕಾಯಿಯನ್ನು ತಂದು ಅವರ ಪಾದದ ಹತ್ತಿರ ಇಟ್ಟು ಹೋಯಿತು. ಹಸಿರು ಅರಿವೆ ಕಾಲಿನ ಹರಡಿಗೆ ಸುತ್ತಿಕೊಂಡಿತು. ಅತ್ತೆ ಎತ್ತಿ ಮತ್ತೆ ಬಿಟ್ಟರು. ಮತ್ತೆ ಬಂತು. ಹೊಳೆ ಹಾಗೆ ಮಾಡುವುದಿಲ್ಲ. ಕೊಟ್ಟದ್ದನ್ನು ಇಸಿದುಕೊಂಡು ತನ್ನ ದಾರಿ ಹಿಡಿಯುತ್ತದೆ. ಜನ್ಮವೆಲ್ಲ ಹೊಳೆಯೊಂದನ್ನೇ ಕಂಡವರಿಗೆ ತಿರುಗಿ ಕೊಡುವ ನೀರು ಇರುತ್ತದೆಂದು ಯಾರು ಹೇಳಬೇಕಿತ್ತು? ನನಗೂ ಹೊಳೆದಿರಲಿಲ್ಲ. ಮೂರನೆಯ ಸಲ ಅವರು ಬಿಡಲಿಲ್ಲ. ಕಾಯಿಯನ್ನು ಎತ್ತಿ ಸೆರಗಿನಿಂದ ಒರೆಸಿದರು.

"ನನ್ನ ಕೈದು ಒಲ್ಲೆ ಅಂದ್ಲು," ಎಂದರು, ತಮಗೇ ಹೇಳಿಕೊಂಡಂತೆ.

ಅಲ್ಲೊಂದು ಸಿಮೆಂಟಿನ ಕಟ್ಟೆಯಿತ್ತು. ಅದರ ಮೇಲೆ ಸಮುದ್ರಕ್ಕೆ ಬೆನ್ನು ಮಾಡಿ ಕುಳಿತುಬಿಟ್ಟರು. ಗಂಡ ಹೋಗಿ ತಿಳಿಸಿ ಹೇಳಿದರು: "ಅವ್ವಾ, ತೆರಿ ಅಂದ್ರ ಹಂಗ. ಏನ ಹಾಕಿದ್ರೂ ತಿರಗಿ ತರತೈತಿ. ಚಪ್ಪಲ್ ಹಾಕಿದ್ರೂ ತರತೈತಿ."

"ಚಪ್ಪಲ್ ಮಾತು ಬ್ಯಾರೆ ಐತಿ," ಎಂದರು ಅತ್ತೆ.

ಮಕ್ಕಳಿಗೆ ಇದಾವುದರ ಖಬರೂ ಇರಲಿಲ್ಲ. ಮಗಳು ಹಸಿ ಮರಳಿನ ಮೇಲೆ ಬೆರಳಿನಿಂದ ರಂಗೋಲಿ ಹಾಕುವುದು, ತೆರೆ ಬಂದು ಒರೆಸುವುದು, ಅವಳು ಸಮುದ್ರಕ್ಕೆ ಬೈದು ಮತ್ತೆ ಹಾಕುವುದು ನಡೆದೇ ಇತ್ತು. ಮಗ ಏಡಿಯೊಂದನ್ನು ಬೆನ್ನಟ್ಟಿ, ಅದು ತಿರುಗಿ ನಿಂತದ್ದೇ ಅಷ್ಟೇ ವೇಗದಲ್ಲಿ ನನ್ನ ಕಡೆ ಓಡಿಬಂದ. ಅವರಪ್ಪ ಪ್ಯಾಂಟು ಮೊಣಕಾಲಿಗೆ ಮಡಚಿ, ಅಂಗಡಿಯ ಗಿರಾಕಿ ಯಾರಾದರೂ ನೋಡಿಯಾರು ಎಂಬಂತೆ ಆಚೀಚೆ ನೋಡಿ, ಆಮೇಲೆ ದೊಪ್ಪೆಂದು ನೀರಿನಲ್ಲಿ ಕುಳಿತರು. ನಾನು ನಗುವುದು, ಕಟ್ಟೆಯ ಕಡೆ ನೋಡುವುದು, ಸುಮ್ಮನಾಗುವುದು. ಊಟದ ಹೊತ್ತಿನವರೆಗೂ ನನ್ನದು ಹೀಗೇ ನಡೆಯಿತು. ಅವಸರ ಮಾಡಿ ಬಿಡಿಸಿದ್ದು ನಾನೇ ಅಲ್ಲವೇ?

ಮಧ್ಯಾಹ್ನ ಇಳಿದುಕೊಂಡ ಮನೆಯಲ್ಲಿ ರೊಟ್ಟಿಯ ಗಂಟು ಬಿಚ್ಚಿದರೆ ಇನ್ನೊಂದು ಪೆಟ್ಟು. ಮುರಿದರೆ ಸದ್ದಾಗಬೇಕಿದ್ದ ರೊಟ್ಟಿಗಳು ಒದ್ದೆ ಅರಿವೆಯ ಹಾಗೆ ಜೋತುಬಿದ್ದಿದ್ದವು. ಮಗ ಒಂದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಆ ಮನೆಯ ಯಜಮಾನಿ ಒಳ್ಳೆಯ ಹೆಂಗಸು, "ಇಲ್ಲಿ ಹಪ್ಪಳವೂ ಹೀಗೇ ಆಗ್ತದೆ ಅಮ್ಮ, ಗಾಳಿಯಲ್ಲೇ ನೀರುಂಟು," ಎಂದು ಹೇಳಿ ರೊಟ್ಟಿಗಳನ್ನು ಹಂಚಿನ ಮೇಲೆ ಬಿಸಿ ಮಾಡಿಕೊಟ್ಟರು. ಅತ್ತೆ ಮಾತ್ರ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು.

"ನಾಳೆ ಮುಂಜಾನೆ ಊರಿಗೆ ಹೋಗೂಣು," ಎಂದರು. "ಒಲ್ಲೆ ಅಂದವರ ಮನ್ಯಾಗ ಎಷ್ಟಂತ ಕುಂದ್ರೂದು."

ಮಗಳ ಕಣ್ಣು ತುಂಬಿತು. ಅತ್ತೆಯನ್ನು ಬಿಟ್ಟು ನಾವು ಎರಡು ದಿನ ಆಡಿ ಬರುವಂತಿರಲಿಲ್ಲ. ಅವರಿಗೆ ಬೇಡವಾದ ಸಮುದ್ರ ನನಗೂ ಬೇಡವಾಗಿತ್ತು. ಆದರೆ ಅವರು ಹೀಗೆ ಮುಖ ಸಣ್ಣದು ಮಾಡಿಕೊಂಡು ಊರಿಗೆ ಹೋದರೆ ಇನ್ನು ಜೀವಮಾನದಲ್ಲಿ ಯಾವ ನೀರಿನ ಹತ್ತಿರವೂ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಸಿಟ್ಟು ಬಂತು. ಸಮುದ್ರವನ್ನು ಬೈಯಲಾಗದು, ಅತ್ತೆಯನ್ನು ಬೈಯಬಾರದು, ಉಳಿದವರು ಗಂಡ. ಸಂಜೆಯವರೆಗೂ ಅವರಿಗೆ ಬೈದೆ. ಪಾಪ, ಯಾಕೆಂದು ಕೇಳದೆ ಬೈಸಿಕೊಂಡರು.

ಮರುದಿನ ಮುಂಜಾನೆ ಹೊರಡುವ ಮುನ್ನ ಕೊನೆಯ ಸಲವೆಂದು ಎಲ್ಲರೂ ದಂಡೆಗೆ ಬಂದೆವು. ಅತ್ತೆ ಅದೇ ಕಟ್ಟೆ, ಅದೇ ಬೆನ್ನು. ನಾನು ಅವರ ಚೀಲದಿಂದ ಅದೇ ಕಾಯಿ, ಅದೇ ಹಸಿರು ಅರಿವೆ ತೆಗೆದೆ.

"ಅತ್ತಿ, ಈ ಕಡಿ ತಿರುಗ್ರಿ. ಈಗ ನನ್ನ ಕೈಲೆ ಬಿಡತೇನಿ. ನೋಡ್ರಿ."

ಗಂಡ ಓಡಿಬಂದು ತಗ್ಗಿದ ದನಿಯಲ್ಲಿ, "ಬ್ಯಾಡ. ನಿಂದ ಇಸಗೊಂಡ್ರ ಆಮ್ಯಾಲೆ ಅವ್ವನ ಮುಖ ಹೆಂಗ ನೋಡ್ತಿ?" ಎಂದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಹಣೆಯ ಮೇಲೆ ಕುಂಕುಮವಿತ್ತು, ಕೈತುಂಬ ಹಸಿರು ಬಳೆ. ಆದರೆ ಅತ್ತೆ ಆಗಲೇ ಎದ್ದು ನಿಂತು ಇತ್ತ ತಿರುಗಿದ್ದರು. ಹಿಂದೆಗೆಯುವಂತಿರಲಿಲ್ಲ. ಮೊಣಕಾಲುದ್ದ ನೀರಿಗಿಳಿದು ಬಿಟ್ಟೆ.

ತೆರೆ ಬಂತು, ಹೋಯಿತು. ಕಾಯಿ ಬರಲಿಲ್ಲ. ಇನ್ನೊಂದು ತೆರೆ ಬಂತು. ಅದರಲ್ಲೂ ಇಲ್ಲ. ಕಾಯಿ ದೂರದಲ್ಲಿ ಒಮ್ಮೆ ತಲೆಯೆತ್ತಿ ಮುಳುಗಿತು. ಹುಟ್ಟಿದಾಗಿನಿಂದ ಎಲ್ಲ ದೇವರಿಗೂ ಇಸಿದುಕೋ ಎಂದು ಬೇಡಿದವಳು ನಾನು. ಅವತ್ತು ಮೊದಲ ಸಲ, ಇಸಗೋಬ್ಯಾಡ ತಾಯಿ, ನಂದೂ ಒಲ್ಲೆ ಅನ್ನು, ಎಂದು ಬೇಡಿಕೊಂಡೆ. ಐದಾರು ತೆರೆಗಳಾದವು. ನೀರಿನ ಮೇಲೆ ಏನೂ ಕಾಣಲಿಲ್ಲ.

ಅತ್ತೆ ಹಿಂದಿನಿಂದ ಬಂದು ನನ್ನ ಭುಜ ಮುಟ್ಟಿದರು. "ಇಸಗೊಂಡ್ಲು ನೋಡವ್ವಾ," ಎಂದರು. "ಛಲೋ ಆತು. ನಿನ್ನ ಮಕ್ಕಳಿಗೆ ಛಲೋ ಆಗತೈತಿ." ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ಸಂತೋಷಪಟ್ಟಿದ್ದರು. ನನಗೆ ಅಳು ಬಂತು. ಗಂಡ ಬೇರೆಲ್ಲೋ ನೋಡುತ್ತ ನಿಂತರು.

ಆಗ ದೂರದಲ್ಲಿ, ಮೀನುಗಾರರ ದೋಣಿಗಳನ್ನು ಎಳೆದಿಟ್ಟ ಕಡೆಯಿಂದ ಮಗಳ ದನಿ ಕೇಳಿತು. "ಮಮ್ಮೀ, ಕಾಯಿ ಇಲ್ಲಿ ಬಂದೈತಿ." ಸಮುದ್ರ ಅದನ್ನು ನಮ್ಮ ಕಣ್ಣು ತಪ್ಪಿಸಿ, ಓರೆಯಾಗಿ ಒಯ್ದು, ಅಲ್ಲಿ ದಂಡೆಗೆ ಒಗೆದಿತ್ತು. ಅವಳು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಓಡಿಬಂದಳು. ಹಿಂದೆ ತಮ್ಮ, ಹಸಿರು ಅರಿವೆ ಹೆಗಲಿಗೆ ಹಾಕಿಕೊಂಡು.

ಅತ್ತೆ ಕಾಯಿ ನೋಡಿದರು. ನನ್ನ ಹಣೆ ನೋಡಿದರು. ಮತ್ತೆ ಕಾಯಿ ನೋಡಿದರು.

"ನಿಂದೂ ಒಲ್ಲೆ ಅಂದ್ಲ?"

"ಹೂಂನ್ರಿ ಅತ್ತಿ. ಒಲ್ಲೆ ಅಂದ್ಲು."

ಅವರಿಗೆ ನಗು ಹೊಟ್ಟೆಯಿಂದ ಎದ್ದು ಬಂತು. ನಿಲ್ಲಲಾಗದೆ ನನ್ನ ತೋಳು ಹಿಡಿದರು, ನಾನೂ ನಗತೊಡಗಿದ್ದರಿಂದ ಇಬ್ಬರೂ ಹಸಿ ಮರಳಿನ ಮೇಲೆ ಕುಸಿದೆವು. "ಎಲ್ಲಾರದೂ ಒಲ್ಲೆ ಅಂತಾಳ, ಹುಚ್ಚಿ," ಎಂದು ನೀರಿನ ಕಡೆ ಕೈ ತೋರಿಸಿ ಮತ್ತೆ ನಕ್ಕರು. ತೆರೆಯೊಂದು ಬಂದು ಇಬ್ಬರನ್ನೂ ಸೊಂಟದವರೆಗೆ ತೋಯಿಸಿತು. ಅವರು ಏಳಲಿಲ್ಲ. ಊರಿಗೆ ಹೋಗುವ ಮಾತನ್ನು ಆಮೇಲೆ ಯಾರೂ ಎತ್ತಲೂ ಇಲ್ಲ.

ಮಗಳು ಕಾಯಿ ಹಿಡಿದು ನಿಂತೇ ಇದ್ದಳು. ರಾಮದುರ್ಗದ ನನ್ನ ತವರಿನಿಂದ ಹೊರಡುವಾಗಲೆಲ್ಲ ನನ್ನವ್ವ ನನಗೆ ಉಡಿ ತುಂಬುವುದನ್ನು, ನಾನು ಅದರಿಂದ ಒಂದಿಷ್ಟು ಅಕ್ಕಿ ತಿರುಗಿ ಅವ್ವನ ಮೊರಕ್ಕೆ ಹಾಕುವುದನ್ನು ಮಗಳು ನೋಡುತ್ತ ಬೆಳೆದಿದ್ದಾಳೆ. ಅದು ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಆಯಿ, ಸೆರಗ ಹಿಡಿ," ಎಂದಳು ಅಜ್ಜಿಗೆ.

ಅತ್ತೆಯ ನಗು ನಿಂತಿತು. ನನ್ನ ಮುಖ ನೋಡಿದರು. ನಾನು ಬೇಡವೆಂದು ಹೇಳಲಿ ಎಂದು ಕಾಯುತ್ತಿದ್ದರೋ, ಹೇಳದಿರಲಿ ಎಂದು ಕಾಯುತ್ತಿದ್ದರೋ, ಇಂದಿಗೂ ನನಗೆ ತಿಳಿಯದು. ನಾನು ಏನೂ ಹೇಳಲಿಲ್ಲ. ಅವರು ಒದ್ದೆ ಸೆರಗನ್ನು ಎರಡೂ ಕೈಯಿಂದ ಮುಂದಕ್ಕೆ ಹಿಡಿದರು. ಮಗಳು ಕಾಯಿ ಇಟ್ಟಳು. ಆಮೇಲೆ ಅಕ್ಕಿಯ ಬದಲು ಮರಳು, ಐದು ಬೊಗಸೆ, ಬಾಯಲ್ಲಿ ಎಣಿಸುತ್ತ. ಮಗ ತಾನು ಕೂಡಿಸಿದ್ದ ಕಪ್ಪೆಚಿಪ್ಪುಗಳಲ್ಲಿ ಒಡೆದವನ್ನಷ್ಟೇ ಆರಿಸಿ ಹಾಕಿದ. ನಾನು ಮಂಡಿಯೂರಿ ಒಂದು ಬೊಗಸೆ ಹಾಕಿದೆ.

ಅತ್ತೆ ಮಡಿಲಿನಿಂದ ಚಿಟಿಕೆ ಚಿಟಿಕೆಯಾಗಿ ಐದು ಸಲ ಮರಳು ತೆಗೆದು ಸಮುದ್ರಕ್ಕೆ ತಿರುಗಿ ಹಾಕಿದರು. ಆಮೇಲೆ ಸೆರಗನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತುಂಬಿದ ಉಡಿಯನ್ನು ಕೈಯಿಂದ ಹಿಡಿದುಕೊಂಡು ಕಾರಿನ ಕಡೆ ನಡೆದರು. ನೀರು ಸೋರುತ್ತಿತ್ತು, ಹೆಜ್ಜೆಗೊಂದಿಷ್ಟು ಮರಳು ಉದುರುತ್ತಿತ್ತು. ನಾಷ್ಟಾಕ್ಕೆಂದು ಇಳಿದುಕೊಂಡ ಮನೆಗೆ ಹೋಗಬೇಕಿತ್ತು. ಅಲ್ಲಿಯವರೆಗೂ ಅವರು ಅದನ್ನು ಬಿಚ್ಚುವುದಿಲ್ಲ ಎಂದು ಮುಖ ನೋಡಿಯೇ ತಿಳಿಯಿತು.

ಗಂಡ ಮುಂದೆ ಓಡಿ ಕಾರಿನ ಬಾಗಿಲು ತೆಗೆದರು. ಕಾಲು ಝಾಡಿಸು ಎನ್ನಲಿಲ್ಲ. ಒಂದು ಗಳಿಗೆ ಸೀಟನ್ನು ನೋಡಿ, ಹಿಂದಿನ ದಿನ ಮಗ ವಾಂತಿ ಮಾಡಿಕೊಂಡಿದ್ದ ಆ ಪ್ಲಾಸ್ಟಿಕ್ಕನ್ನು ಸರ್ರನೆ ಹರಿದು ತೆಗೆದು, "ಕುಂದ್ರವ್ವಾ," ಎಂದರು.