ಕೂಸಿನ ಕೌದಿ

ಬ್ಯಾಡಗಿಯ ಮುಮ್ತಾಜಬಿ ಸಮುದ್ರ ಕಂಡವಳಲ್ಲ. ದವಾಖಾನೆಯ ಗೋಡೆಗೆ ತೂಗುಹಾಕಿದ್ದ ಸಮುದ್ರದ ಚಿತ್ರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಹಳೇ ಸೀರೆಗಳ ನೀಲಿ, ಹಸಿರು, ಬಿಳಿ ತುಂಡು ಜೋಡಿಸಿ, ಪಕ್ಕದ ಮನೆಯ ಶ್ರೀದೇವಿಯ ಕೂಸಿಗೆ ಕೌದಿ ಹೊಲಿದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದನ್ನು ಮಡಚುವಾಗ ನೋಡಿದರೆ ಹೊಲಿದ ಸೂಜಿಯೇ ಇಲ್ಲ. ಚಾಪೆ ಝಾಡಿಸಿದಳು, ಸೆರಗು ಕೊಡವಿದಳು.

ಅಷ್ಟರಲ್ಲಿ ಶ್ರೀದೇವಿಯ ತಾಯಿ ನೀಲಗಂಗವ್ವ ಬಾಗಿಲಿಗೆ ಬಂದಳು. "ಲಗೂ ಕೊಡವಾ, ಮಂದಿ ಕಾಯಾಕತ್ತಾರ."

"ಸೂಜಿ ಒಳಗ ಉಳದೈತೇನೋ ಅಂತ ಅಂಜಿಕಿ ಆಗೇತಿ. ಬಿಚ್ಚಿ ನೋಡತೇನಿ."

"ಈಗ? ಇಷ್ಟು ಚಂದ ಹೊಲದಿದ್ದನ್ನ?" ನೀಲಗಂಗವ್ವನ ದನಿ ಏರಿತು. "ಎಲ್ಲೋ ಬಿದ್ದಿರತೈತಿ, ಬಿಡು!"

ಮುಮ್ತಾಜಬಿ ಕತ್ತರಿ ಹಿಡಿದಳು. ನೀಲಿ ಬಿಚ್ಚಿ ಪದರ ಪದರದಲ್ಲೂ ಅಂಗೈ ಆಡಿಸಿದಳು. ಇಲ್ಲ. ಹಸಿರಿನಲ್ಲೂ ಇಲ್ಲ. ಉಳಿದದ್ದು ಅಲೆಯ ತುದಿಯ ಬಿಳಿ ನೊರೆ, ಅವಳು ಎಲ್ಲಕ್ಕಿಂತ ಪ್ರೀತಿಯಿಂದ ಹೊಲಿದದ್ದು. ಅದನ್ನೂ ಬಿಚ್ಚಿದಾಗ ಬೆರಳಿಗೆ ಚುರುಕ್ಕೆಂದು ಚುಚ್ಚಿತು.

ಅವಳು ಎಳೆದು ತೆಗೆದ ಸೂಜಿಯನ್ನು ನೋಡಿ ನೀಲಗಂಗವ್ವ ಅಲ್ಲೇ ಕುಳಿತು, ಬಿಚ್ಚಿದ ತುಂಡುಗಳನ್ನು ಒಂದೊಂದಾಗಿ ಮಡಿಲಿಗೆ ಎತ್ತಿಕೊಂಡಳು.

"ಇವತ್ತ ನನ್ನ ಸೀರೀನ ಹಾಸೂಣು," ಎಂದಳು ಕೊನೆಗೆ. "ನೀನೂ ಬಾ. ಕೂಸಿನ್ನ ನೀನ ತೊಟ್ಲಿಗೆ ಹಾಕು."